ಸಲ್ಲಿಸದೇ ಉಳಿದ ಎರಡು ಪುಟ

ಅವನು ಬಂದಾಗ ಕೈಯಲ್ಲಿ ಎರಡು ಪ್ರಿಂಟ್‌ಔಟ್ ಇದ್ದವು. ಎರಡಕ್ಕೂ ಒಂದೇ ತಲೆಬರಹ: ‘ಈ ಸೆಮಿಸ್ಟರ್‌ನಲ್ಲಿ ನಾನು ಕಲಿತದ್ದು’. ಸೆಮಿಸ್ಟರ್ ಮುಗಿದ ಮೇಲೆ ಪ್ರತಿಯೊಬ್ಬರೂ ತಮ್ಮ ಕಲಿಕೆಯ ಬಗ್ಗೆ ಎರಡು ಪುಟ ಬರೆದು ಕೊಡಬೇಕು ಅಂತ ವಿಭಾಗದವರು ಹೇಳಿದ್ದರು. ಒಂದನ್ನು ಅವನು ಆಗಲೇ ಕೊಟ್ಟಾಗಿತ್ತು. ಇನ್ನೊಂದನ್ನು ಯಾರಿಗೂ ತೋರಿಸಿರಲಿಲ್ಲ.

“ಮೊದಲನೇದು ಸರ್‌ಗೆ ಕೊಡೋಕೆ ಬರೆದದ್ದು ಮೇಡಂ. ಎರಡನೇದು ನಿಜ” ಅಂದ.

ಈ ಪ್ರಕರಣವನ್ನು ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಕಂಪ್ಯೂಟರ್ ಸೈನ್ಸ್ ಓದುತ್ತಿರುವ ಎರಡನೇ ವರ್ಷದ ಹುಡುಗ ಅಂತ ತಿಳಿದರೆ ಸಾಕು. ನಾನು ಆಪ್ತಸಲಹೆಗಾರ್ತಿ. ಈ ಕೆಲಸಕ್ಕೆ ಬರುವ ಮೊದಲು ಕೆಲವು ವರ್ಷ ಪ್ರೋಗ್ರಾಮಿಂಗ್ ಲ್ಯಾಬ್ ನಡೆಸಿದವಳು. ಹಾಗಾಗಿ ಅವನ ಮಾತಿನಲ್ಲಿ ಎಷ್ಟು ಭಯ, ಎಷ್ಟು ನಿಜವಾದ ದೂರು ಅಂತ ಬೇರೆ ಮಾಡಿ ನೋಡುವುದು ನನಗೆ ಸ್ವಲ್ಪ ಸುಲಭವಾಯಿತು.

ಮೊದಲನೇ ಪ್ರತಿಯಲ್ಲಿ ಎಲ್ಲರೂ ಬರೆಯುವಂಥದ್ದೇ ಇತ್ತು. ಡೇಟಾ ಸ್ಟ್ರಕ್ಚರ್ಸ್ ಕಲಿತದ್ದರಿಂದ ಸಮಸ್ಯೆ ಬಿಡಿಸುವ ಶಕ್ತಿ ಬೆಳೆಯಿತು, ತಂಡದಲ್ಲಿ ಕೆಲಸ ಮಾಡುವುದು ಗೊತ್ತಾಯಿತು, ಇಂಥ ಸಾಲುಗಳು. ಎರಡನೇದನ್ನು ನಾನು ಎರಡು ಸಲ ಓದಿದೆ. ಅದರಲ್ಲಿ ಹೀಗೆಲ್ಲ ಇತ್ತು. ‘ನನಗೆ ಕಂಪ್ಯೂಟರ್ ಚೆನ್ನಾಗಿ ಬರುತ್ತೆ ಅಂತ ಎಲ್ಲರೂ ಹೇಳ್ತಿದ್ದರು. ಕೆಟ್ಟ ಲ್ಯಾಪ್‌ಟಾಪ್ ಸರಿಮಾಡ್ತಿದ್ದೆ, ವೈಫೈ ಹೊಂದಿಸಿಕೊಡ್ತಿದ್ದೆ. ಇಲ್ಲಿಗೆ ಬಂದರೆ ಗಣ, ಗ್ರಾಫ್, ಆಟೊಮ್ಯಾಟ ಅಂತ ಬರೀ ಗಣಿತ. ಕ್ಲಾಸಿನಲ್ಲಿ ಅರ್ಧ ಜನ ಶಾಲೆಯಿಂದಲೇ ಕೋಡ್ ಬರೀತಿದ್ದವರು. ಅವರು ಕೇಳುವ ಪ್ರಶ್ನೆಯೇ ನನಗೆ ಅರ್ಥವಾಗಲ್ಲ. ಹನ್ನೊಂದು ಅಸೈನ್‌ಮೆಂಟ್ ಕೊಟ್ಟಿದ್ದೇನೆ. ಒಂದನ್ನೂ ನಾನು ಬರೆದಿಲ್ಲ.’

ಕೊನೆಯ ಪ್ಯಾರಾದಲ್ಲಿ ಲ್ಯಾಬ್ ಪರೀಕ್ಷೆಯ ವಿಷಯ ಇತ್ತು. ಇಂಟರ್ನೆಟ್ ಇಲ್ಲ. ಮುಂದೆ ಖಾಲಿ ಪರದೆ. ಮಿನುಗುವ ಕರ್ಸರ್. ಎರಡು ಗಂಟೆ ಕೂತು ಅವನು ತನ್ನ ಹೆಸರು, ರೋಲ್ ನಂಬರ್, ಸಿದ್ಧ ಕೋಡ್ ತರಿಸಿಕೊಳ್ಳುವ ಒಂದು ಇಂಪೋರ್ಟ್ ಸಾಲು ಬರೆದು ಎದ್ದು ಬಂದಿದ್ದ.

ಮೊದಲ ಭೇಟಿಯಲ್ಲಿ ನಾನು ಸಲಹೆ ಕೊಡಲಿಲ್ಲ. ನಿದ್ದೆ, ಊಟ ಹೇಗಿದೆ ಅಂತ ಕೇಳಿದೆ. ಬದುಕೇ ಬೇಡ ಅನ್ನಿಸಿದ್ದುಂಟಾ ಅಂತ ನೇರವಾಗಿಯೇ ಕೇಳಿದೆ. ಇಲ್ಲ ಅಂದ. ಆದರೆ ಬೆಳಗಿನ ಜಾವದವರೆಗೂ ಎಚ್ಚರವಿದ್ದು, ಮೂರು ವಾರದಿಂದ ಕ್ಲಾಸಿಗೆ ಹೋಗಿರಲಿಲ್ಲ. ಅಂಥ ಯೋಚನೆ ಬಂದರೆ ಅಪಾಯಿಂಟ್‌ಮೆಂಟ್ ಗೀಪಾಯಿಂಟ್‌ಮೆಂಟ್ ಅಂತ ನೋಡದೆ ಬಂದುಬಿಡು ಅಂತ ಹೇಳಿದೆ. ಇನ್ನೊಂದು ಮಾತು ಅವತ್ತೇ ಸ್ಪಷ್ಟ ಮಾಡಬೇಕಿತ್ತು. ಅಸೈನ್‌ಮೆಂಟ್‌ಗಳನ್ನು ಎಐಯಿಂದ, ಸೀನಿಯರ್‌ಗಳ ಫೋಲ್ಡರ್‌ನಿಂದ ತೆಗೆದುಕೊಟ್ಟೆ ಅಂತ ಅವನು ಒಪ್ಪಿಕೊಂಡಿದ್ದ. “ಇದನ್ನ ನಾನು ವಿಭಾಗಕ್ಕೆ ಹೇಳಲ್ಲ. ಆದರೆ ಅದು ಸರಿ ಅಂತಲೂ ಹೇಳಲ್ಲ” ಅಂದೆ. ಅವನ ಭುಜ ಸ್ವಲ್ಪ ಇಳಿಯಿತು. ನನ್ನ ಪ್ರಕಾರ ಕ್ಷಮೆಗಿಂತ ಆ ಸ್ಪಷ್ಟತೆಯೇ ಅವನಿಗೆ ಬೇಕಿತ್ತು.

ಎರಡನೇ ಭೇಟಿಗೆ ಒಂದು ಹಾಳೆ ಮೇಲೆ ನಾಲ್ಕು ಸಾಲಿನ ಪೈಥಾನ್ ಪ್ರೋಗ್ರಾಮ್ ಬರೆದು ಇಟ್ಟಿದ್ದೆ. ಮೊದಲ ಸಾಲಿನಲ್ಲಿ 1, 2 ಇರುವ ಒಂದು ಲಿಸ್ಟ್, ಅದರ ಹೆಸರು ‘ಎ’. ಎರಡನೇ ಸಾಲಿನಲ್ಲಿ ‘ಬಿ’ ಅಂದರೆ ‘ಎ’ ಅಂತ ಹೇಳಿದೆ. ಮೂರನೇ ಸಾಲು ‘ಬಿ’ಗೆ 3 ಸೇರಿಸುತ್ತೆ. ನಾಲ್ಕನೇ ಸಾಲು ‘ಎ’ಯನ್ನು ಪ್ರಿಂಟ್ ಮಾಡುತ್ತೆ. ಏನು ಬರುತ್ತೆ?

“1, 2” ಅಂದ ತಕ್ಷಣ.

ಲ್ಯಾಪ್‌ಟಾಪ್ ತೆರೆದು ನೀನೇ ಓಡಿಸು ಅಂದೆ. ಪರದೆ ಮೇಲೆ 1, 2, 3 ಬಂತು. ಅವನು ಪರದೆ ನೋಡಿದ, ಹಾಳೆ ನೋಡಿದ, ಮತ್ತೆ ಪರದೆ ನೋಡಿದ. “ಇದನ್ನ ಓದಿದ್ದೆ ಮೇಡಂ. ಥಿಯರಿ ಪರೀಕ್ಷೆಯಲ್ಲಿ ಬರೆದೂ ಇದ್ದೆ. ರೆಫರೆನ್ಸ್ ಅಂತ.” ಹಾಗಾದರೆ ಚಿತ್ರ ಬರಿ ಅಂದೆ. ಪೆನ್ಸಿಲ್ ತಗೊಂಡು ಎರಡು ಚೌಕ ಬರೆದ. ಒಂದಕ್ಕೆ ‘ಎ’, ಇನ್ನೊಂದಕ್ಕೆ ‘ಬಿ’. ಸ್ವಲ್ಪ ಹೊತ್ತು ನೋಡುತ್ತಾ ಕೂತ. ಆಮೇಲೆ ತಾನೇ ಎರಡನೇ ಚೌಕವನ್ನು ಅಳಿಸಿದ. ಉಳಿದ ಒಂದೇ ಚೌಕಕ್ಕೆ ಎರಡು ಬಾಣ ಎಳೆದ. “ಓ, ಲಿಸ್ಟ್ ಒಂದೇ. ಒಂದೇ ಮನೆಗೆ ಎರಡು ಬೋರ್ಡ್ ಹಾಕಿದ ಹಾಗೆ” ಅಂದ. ನಾನು ಹೇಳಿಕೊಟ್ಟದ್ದಲ್ಲ. ಆ ಹೋಲಿಕೆ ಅವನದೇ.

ಅವನ ತೊಂದರೆ ಏನು ಅಂತ ನನಗೆ ತಿಳಿದದ್ದು ಆ ಅಳಿಸಿದ ಚೌಕದಿಂದ. ಬುದ್ಧಿ ಕಡಿಮೆ ಇರಲಿಲ್ಲ. ಸೋಮಾರಿಯೂ ಅಲ್ಲ. ತಪ್ಪು ಉತ್ತರದ ಎದುರು ಒಬ್ಬನೇ ಕೂತು, ಯಾಕೆ ತಪ್ಪಾಯಿತು ಅಂತ ನೋಡುವ ಅವಕಾಶವೇ ಅವನಿಗೆ ಒಂದೂವರೆ ವರ್ಷ ಸಿಕ್ಕಿರಲಿಲ್ಲ. ಪ್ರತಿ ಸಲವೂ ಉತ್ತರ ಮೊದಲೇ ಬಂದುಬಿಡುತ್ತಿತ್ತು. ಬಂದ ಉತ್ತರವನ್ನು ಓದಿದರೆ ಅರ್ಥವಾಗುತ್ತಿತ್ತು. ಅರ್ಥವಾದದ್ದು ತನಗೆ ಬರುತ್ತೆ ಅಂತ ಅವನು ನಂಬಿದ್ದ. ಲ್ಯಾಬ್ ಪರೀಕ್ಷೆಯ ಆ ಎರಡು ಗಂಟೆಯಲ್ಲಿ ನಂಬಿಕೆ ಒಡೆಯಿತು, ತಾನು ದಡ್ಡ ಅಂದುಕೊಂಡ.

ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್‌ನಲ್ಲಿ. ಅದಾದ ಮೇಲೆ ನನ್ನ ಹತ್ತಿರ ಬರುವ ಕಂಪ್ಯೂಟರ್ ವಿದ್ಯಾರ್ಥಿಗಳ ಮಾತೇ ಬದಲಾಗಿದೆ. ಮೊದಲು ‘ಪ್ರೋಗ್ರಾಮ್ ಓಡ್ತಿಲ್ಲ’ ಅನ್ನುತ್ತಿದ್ದರು. ಈಗ ‘ಓಡ್ತಿದೆ, ಯಾಕೆ ಓಡ್ತಿದೆ ಗೊತ್ತಿಲ್ಲ’ ಅನ್ನುತ್ತಾರೆ. ನಾನು ಈ ಸಾಧನಗಳ ವಿರೋಧಿ ಅಲ್ಲ. ಆದರೆ ಓದಿ ತಲೆದೂಗುವುದಕ್ಕೂ ನೆನಪಿನಿಂದ ತೆಗೆದು ಬರೆಯುವುದಕ್ಕೂ ಇರುವ ಅಂತರ ಹಳೆಯದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಇದನ್ನು ಪರೀಕ್ಷೆ ಮಾಡಿ ನೋಡಿದ್ದರು. ಒಂದು ಪಾಠವನ್ನು ಕೆಲವರು ಮತ್ತೆ ಮತ್ತೆ ಓದಿದರು. ಕೆಲವರು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಾದದ್ದನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಮುಚ್ಚಿಟ್ಟು ಬರೆದವರಿಗೆ ಜಾಸ್ತಿ ನೆನಪಿತ್ತು. ಇದನ್ನು ಹೇಳಿದಾಗ ಅವನು, “ನಾನು ಯಾವಾಗಲೂ ಐದು ನಿಮಿಷದ ಗುಂಪಿನಲ್ಲೇ ಇದ್ದೆ” ಅಂದ.

ನಾನು ಕೊಟ್ಟ ಮೊದಲ ಸಲಹೆ ಚಿಕ್ಕದು. ಯಾವುದೇ ಅಸೈನ್‌ಮೆಂಟ್ ಇರಲಿ, ಮೊದಲ ಅರ್ಧ ಗಂಟೆ ಎಐ ಬೇಡ, ಸೀನಿಯರ್‌ಗಳ ಫೋಲ್ಡರ್ ಬೇಡ. ಖಾಲಿ ಫೈಲ್ ತೆರೆದು, ಏನು ಮಾಡಬೇಕು ಅನ್ನುವುದನ್ನು ತನ್ನದೇ ಮಾತಿನಲ್ಲಿ ಕಾಮೆಂಟ್ ಸಾಲುಗಳಾಗಿ, ಅಂದರೆ ಕಂಪ್ಯೂಟರ್ ಓಡಿಸದೆ ಬಿಟ್ಟುಬಿಡುವ ಸಾಲುಗಳಾಗಿ ಬರೆಯಬೇಕು. ಕೋಡ್ ಬರದಿದ್ದರೂ ಪರವಾಗಿಲ್ಲ. ಅರ್ಧ ಗಂಟೆ ಆದಮೇಲೂ ಸಿಕ್ಕಿಕೊಂಡಿದ್ದರೆ ಎಐಯನ್ನು ಕೇಳಬಹುದು. ಆದರೆ ‘ಬರೆದುಕೊಡು’ ಅಂತ ಅಲ್ಲ, ‘ನಾನು ಇಲ್ಲಿವರೆಗೆ ಬಂದಿದ್ದೇನೆ, ಮುಂದೆ ಏನು ಯೋಚಿಸಬೇಕು’ ಅಂತ. ಸುಳಿವು ಸಿಕ್ಕಮೇಲೆ ಆ ವಿಂಡೋ ಮುಚ್ಚಿ, ಮತ್ತೆ ತಾನೇ ಬರೆಯಬೇಕು. ಅಂಟಿಸುವಂತಿಲ್ಲ. ಇದು ವಿಭಾಗದ ನಿಯಮಕ್ಕೆ ಒಪ್ಪುತ್ತಾ ಅಂತ ಮೊದಲೇ ಮೇಷ್ಟ್ರನ್ನು ಕೇಳಿಕೋ ಅಂತಲೂ ಹೇಳಿದೆ. ಕೆಲವು ಕೋರ್ಸ್‌ಗಳಲ್ಲಿ ಸುಳಿವು ಕೇಳುವುದಕ್ಕೂ ಅನುಮತಿ ಇರುವುದಿಲ್ಲ.

ಎರಡನೇದು ಒಂದು ನೋಟ್‌ಬುಕ್. ಪ್ರತಿ ಎರರ್‌ಗೂ ಮೂರು ವಿಷಯ ಬರೆಯಬೇಕು: ನಾನು ಏನಾಗುತ್ತೆ ಅಂದುಕೊಂಡಿದ್ದೆ, ಏನಾಯಿತು, ಯಾಕೆ. ಎರರ್ ಓದುವುದನ್ನೇ ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಕೆಂಪು ಅಕ್ಷರ ಕಂಡ ಕೂಡಲೇ ಕಾಪಿ ಮಾಡಿ ಎಐಗೆ ಹಾಕುವುದು ರೂಢಿಯಾಗಿತ್ತು. ಪೈಥಾನ್‌ನಲ್ಲಿ ಎರರ್ ಬಂದರೆ ಕೆಳಗಿನಿಂದ ಓದಬೇಕು. ಕೊನೆಯ ಸಾಲಿನಲ್ಲಿ ಏನಾಯಿತು ಅಂತ ಇರುತ್ತೆ, ಅದರ ಮೇಲಿನ ಸಾಲುಗಳಲ್ಲಿ ಎಲ್ಲಾಯಿತು ಅಂತ. ಸಿ ಭಾಷೆಯ ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ ಕಂಪೈಲರ್ ನಲವತ್ತು ತಪ್ಪು ತೋರಿಸಿದರೆ ಮೊದಲನೇದನ್ನು ಸರಿಮಾಡಿ ಮತ್ತೆ ಕಂಪೈಲ್ ಮಾಡಬೇಕು. ಎಷ್ಟೋ ಸಲ ಉಳಿದವು ಆ ಒಂದು ಬಿಟ್ಟುಹೋದ ಸೆಮಿಕೋಲನ್‌ನಿಂದಲೇ ಹುಟ್ಟಿರುತ್ತವೆ. ಇಷ್ಟು ಸಣ್ಣ ವಿಷಯ. ಆದರೆ ಇದು ಗೊತ್ತಿಲ್ಲದೆ ನಲವತ್ತು ತಪ್ಪು ಕಂಡ ಮಗು ತನಗೆ ನಲವತ್ತು ವಿಷಯ ಬರಲ್ಲ ಅಂದುಕೊಳ್ಳುತ್ತೆ ಅಲ್ವಾ?

ತಪ್ಪು ಮಾಡುವುದೇ ಅವಮಾನ ಅನ್ನುವ ಭಾವನೆ ಅವನಲ್ಲಿ ಆಳವಾಗಿತ್ತು. ಅದಕ್ಕೆ ಬೈನರಿ ಸರ್ಚ್‌ನ ಕಥೆ ಹೇಳಿದೆ. ಜೋಡಿಸಿಟ್ಟ ಪಟ್ಟಿಯನ್ನು ಅರ್ಧ ಮಾಡುತ್ತಾ ಹುಡುಕುವ ವಿಧಾನ. ಹತ್ತು ಲಕ್ಷ ಹೆಸರಿದ್ದರೂ ಇಪ್ಪತ್ತು ಹೋಲಿಕೆಯೊಳಗೆ ಸಿಗುತ್ತೆ. ಮೊದಲ ವರ್ಷದಲ್ಲೇ ಕಲಿಸುತ್ತಾರೆ. ಅದು ಮೊದಲು ಪ್ರಕಟವಾದದ್ದು 1946ರಲ್ಲಿ. ಎಲ್ಲ ಗಾತ್ರದ ಪಟ್ಟಿಗೂ ಸರಿಯಾಗಿ ನಡೆಯುವ ರೂಪ ಪ್ರಕಟವಾಗಲು 1960ರ ದಶಕ ಬರಬೇಕಾಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಜಾವಾ ಭಾಷೆಯ ಲೈಬ್ರರಿಯಲ್ಲಿ, ಅಂದರೆ ಸಿದ್ಧ ಕೋಡ್ ಸಂಗ್ರಹದಲ್ಲಿ ಇದ್ದ ಬೈನರಿ ಸರ್ಚ್‌ನಲ್ಲಿ ತಪ್ಪಿದೆ ಅಂತ 2006ರಲ್ಲಿ ತಿಳಿಸಿದವರು ಅದನ್ನು ಬರೆದ ಜೋಶುವಾ ಬ್ಲಾಕ್ ಅವರೇ. ನಡುವಿನ ಜಾಗ ಹುಡುಕಲು ಎರಡು ತುದಿಗಳ ಸಂಖ್ಯೆ ಕೂಡಿಸುತ್ತಾರೆ. ಪಟ್ಟಿ ತುಂಬಾ ದೊಡ್ಡದಾದರೆ ಆ ಮೊತ್ತ ಒಂದು ಸಂಖ್ಯೆಗೆ ಇಟ್ಟ 32 ಬಿಟ್‌ಗಳ ಜಾಗದಲ್ಲಿ ಹಿಡಿಸದೆ ಮೈನಸ್ ಸಂಖ್ಯೆ ಆಗಿಬಿಡುತ್ತಿತ್ತು. ಸುಮಾರು ಒಂಬತ್ತು ವರ್ಷ ಆ ಒಂದು ಸಾಲು ಜಗತ್ತಿನ ತುಂಬ ಓಡುತ್ತಿತ್ತು, ಯಾರಿಗೂ ಗೊತ್ತಾಗಿರಲಿಲ್ಲ. ಅವನು ನೋಟ್‌ಬುಕ್‌ನ ಒಳರಟ್ಟಿನ ಮೇಲೆ ‘1946, 2006’ ಅಂತ ಬರೆದುಕೊಂಡ.

ಮೂರನೇ ಭೇಟಿ ಜಗಳದ ಹಾಗೆ ಶುರುವಾಯಿತು. “ಎಲ್ಲ ಹಳೇ ವಿಷಯ ಮೇಡಂ. ಕೆಲಸಕ್ಕೆ ಬೇಕಾದ್ದು ಒಂದೂ ಹೇಳಿಕೊಡಲ್ಲ” ಅಂದ. ನಾನು ಅವನ ಮಾತನ್ನು ಎರಡು ಭಾಗ ಮಾಡಿದೆ, ಯಾಕೆಂದರೆ ಅರ್ಧ ನಿಜವಿತ್ತು.

ಹಳೇದು ಅನ್ನುವುದು ನಿಜ. ಡೇಟಾಬೇಸ್ ಕ್ಲಾಸಿನಲ್ಲಿ ಅವನು ಓದುತ್ತಿದ್ದ, ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಡುವ ರಿಲೇಷನಲ್ ಮಾದರಿಯನ್ನು ಎಡ್ಗರ್ ಕಾಡ್ ಬರೆದದ್ದು 1970ರಲ್ಲಿ. ಡೈಕ್‌ಸ್ಟ್ರ ಅವರ ಹತ್ತಿರದ ದಾರಿಯ ಅಲ್ಗಾರಿದಮ್ ಪ್ರಕಟವಾದದ್ದು 1959ರಲ್ಲಿ. ಇಂಟರ್ನೆಟ್‌ಗೆ ಮೂಲವಾದ ಆಗಿನ ಅರ್ಪಾನೆಟ್, ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ಟಿಸಿಪಿ/ಐಪಿ ನಿಯಮಗಳಿಗೆ ಬದಲಾದದ್ದು 1983ರ ಜನವರಿ 1ರಂದು. ಆದರೆ ಇವತ್ತಿಗೂ ಅವನ ಫೋನಿನಿಂದ ಹೋಗುವ ಸಂದೇಶ ಆ ನಿಯಮಗಳ ಪ್ರಕಾರವೇ ಹೋಗುತ್ತೆ. ಭಾಷೆಗಳು, ಫ್ರೇಮ್‌ವರ್ಕ್‌ಗಳು ಬರುತ್ತವೆ, ಹೋಗುತ್ತವೆ. ಇವು ನಿಂತಿವೆ. ಬಾಯಲ್ಲಿ ಹೇಳಿದರೆ ಅವನು ಒಪ್ಪುವ ಹಾಗಿರಲಿಲ್ಲ. ಹಾಗಾಗಿ ಇಪ್ಪತ್ತು ಸಾವಿರ ಸಂಖ್ಯೆಗಳನ್ನು, ಅಕ್ಕಪಕ್ಕದವನ್ನು ಹೋಲಿಸಿ ಅದಲುಬದಲು ಮಾಡುವ ಬಬಲ್ ಸಾರ್ಟ್‌ನಿಂದ ಜೋಡಿಸು ನೋಡೋಣ ಅಂದೆ. ಅವನ ಲ್ಯಾಪ್‌ಟಾಪ್‌ನ ಫ್ಯಾನ್ ಜೋರಾಗಿ ತಿರುಗತೊಡಗಿತು. ನಾವಿಬ್ಬರೂ ಸುಮ್ನೆ ಕೂತು ಕಾದೆವು. ಆಮೇಲೆ ಅದನ್ನೇ, ಪಟ್ಟಿಯನ್ನು ಅರ್ಧ ಅರ್ಧ ಮಾಡಿ ಜೋಡಿಸಿ ಕೂಡಿಸುವ ಮರ್ಜ್ ಸಾರ್ಟ್‌ನಿಂದ ಮಾಡಿದ. ಎಂಟರ್ ಒತ್ತಿ ಕೈ ತೆಗೆಯುವಷ್ಟರಲ್ಲಿ ಮುಗಿದಿತ್ತು. ಹಾಳೆ ಮೇಲೆ ಲೆಕ್ಕ ಹಾಕಿದ. ಒಂದರಲ್ಲಿ ಸುಮಾರು ಇಪ್ಪತ್ತು ಕೋಟಿ ಹೋಲಿಕೆ, ಇನ್ನೊಂದರಲ್ಲಿ ಮೂರು ಲಕ್ಷಕ್ಕಿಂತ ಕಡಿಮೆ. “ಎನ್ ಲಾಗ್ ಎನ್ ಅಂದರೆ ಇದಾ?” ಅಂದ. ಮರ್ಜ್ ಸಾರ್ಟ್‌ಗೆ ಎಷ್ಟು ಹೋಲಿಕೆ ಬೇಕು ಅಂತ ಹೇಳುವ ಆ ಪದವನ್ನು ಅವನು ಒಂದೂವರೆ ವರ್ಷದಿಂದ ಬರೆಯುತ್ತಿದ್ದ.

ಇನ್ನರ್ಧ ದೂರು ಸರಿಯಾಗಿಯೇ ಇತ್ತು. ಕೋಡ್‌ನ ಹಳೇ ರೂಪಗಳನ್ನು ಉಳಿಸಿಡುವ ವರ್ಷನ್ ಕಂಟ್ರೋಲ್, ಟೈಪ್ ಮಾಡಿ ಆದೇಶ ಕೊಡುವ ಕಮಾಂಡ್ ಲೈನ್, ತಪ್ಪು ಹುಡುಕಲು ನೆರವಾಗುವ ಡೀಬಗರ್ ಬಳಸುವುದು, ಬೇರೆಯವರ ಕೋಡ್ ಓದುವುದು, ಇವನ್ನೆಲ್ಲ ಮಕ್ಕಳು ತಾವಾಗಿಯೇ ಕಲಿತುಕೊಳ್ಳುತ್ತಾರೆ ಅಂತ ಎಷ್ಟೋ ಕಡೆ ಬಿಟ್ಟುಬಿಡುತ್ತಾರೆ. ಮೊದಲೇ ಗೊತ್ತಿದ್ದವರು ಮುಂದೆ ಹೋಗುತ್ತಾರೆ, ಗೊತ್ತಿಲ್ಲದವರು ತಮ್ಮ ತಲೆಯನ್ನೇ ಅನುಮಾನಿಸುತ್ತಾರೆ. ನನಗೆ ಇದು ಅನ್ಯಾಯ ಅನ್ನಿಸುತ್ತೆ. ಅಮೆರಿಕದ ಎಂಐಟಿಯಂಥ ಕಡೆಯೇ ಈ ಕೊರತೆ ಕಂಡು, 2020ರ ಜನವರಿಯಲ್ಲಿ ಅಲ್ಲಿನ ಪಿಎಚ್‌ಡಿ ವಿದ್ಯಾರ್ಥಿಗಳು ಇವಿಷ್ಟನ್ನೇ ಹೇಳಿಕೊಡುವ ಒಂದು ತರಗತಿ ನಡೆಸಿದರು. ಅದರ ಪಾಠಗಳು ಎಲ್ಲರಿಗೂ ಉಚಿತವಾಗಿ ಸಿಗುತ್ತವೆ. ವಾರಕ್ಕೆ ಒಂದು ಪಾಠ ನೋಡು, ಆ ವಾರದ ಅಸೈನ್‌ಮೆಂಟ್‌ನಲ್ಲೇ ಅದನ್ನು ಬಳಸು ಅಂದೆ. ಗಿಟ್ ಅನ್ನುವ ವರ್ಷನ್ ಕಂಟ್ರೋಲ್ ಸಾಧನ ಕಲಿತದ್ದು ಅವನಿಗೆ ಅನಿರೀಕ್ಷಿತವಾಗಿ ಧೈರ್ಯ ಕೊಟ್ಟಿತು. ಕೆಡಿಸಿದರೂ ಹಿಂದಕ್ಕೆ ಹೋಗಬಹುದು ಅಂತ ಗೊತ್ತಾದಮೇಲೆ ಕೋಡ್ ಮುಟ್ಟಲು ಹೆದರುವುದು ಕಡಿಮೆಯಾಯಿತು.

ಸಹಪಾಠಿಗಳ ವಿಷಯದಲ್ಲಿ ನನ್ನ ಮೊದಲ ಸಲಹೆ ಫಲ ಕೊಡಲಿಲ್ಲ. ನಾಲ್ಕು ಜನ ಸೇರಿ ಓದಿ ಅಂದಿದ್ದೆ. ಎರಡೇ ವಾರದಲ್ಲಿ ಒಬ್ಬ ಟೈಪ್ ಮಾಡುವುದು, ಉಳಿದ ಮೂವರು ನೋಡುವುದು ಆಯಿತು. ಅವನಿಗೆ ಮತ್ತೆ ಅದೇ ಹಳೇ ಅನುಭವ. ಆಗ ಇಬ್ಬರೇ ಕೂರುವ ಪೇರ್ ಪ್ರೋಗ್ರಾಮಿಂಗ್‌ಗೆ ಬದಲಿಸಿದೆವು. ಒಬ್ಬರ ಕೈ ಕೀಬೋರ್ಡ್ ಮೇಲೆ, ಇನ್ನೊಬ್ಬರು ಮುಂದಿನ ಹೆಜ್ಜೆ ಹೇಳಬೇಕು, ಕಾಲು ಗಂಟೆಗೊಮ್ಮೆ ಜಾಗ ಬದಲು. ಅವನು ಆರಿಸಿಕೊಂಡದ್ದು ತನ್ನಷ್ಟೇ ಕಷ್ಟಪಡುತ್ತಿದ್ದ ಒಬ್ಬ ಹುಡುಗಿಯನ್ನು. ಅವಳೂ ಎಲ್ಲರಿಗೂ ಬರುತ್ತೆ, ನನಗೊಬ್ಬಳಿಗೇ ಬರಲ್ಲ ಅಂದುಕೊಂಡಿದ್ದಳಂತೆ. ಅಮೆರಿಕದ ಹಾರ್ವಿ ಮಡ್ ಅನ್ನುವ ಕಾಲೇಜಿನಲ್ಲಿ ಮೊದಲ ಕೋರ್ಸ್‌ನಲ್ಲೇ, ಮೊದಲೇ ಕೋಡ್ ಬರೆದವರನ್ನೂ ಹೊಸಬರನ್ನೂ ಬೇರೆ ಬೇರೆ ಕೂರಿಸುತ್ತಾರೆ. ಹೊಸಬರು ಹೆದರಬಾರದು ಅಂತ. ಎಲ್ಲ ಕಡೆಯೂ ಹೀಗೆ ಮಾಡಿದರೆ ನನ್ನ ಕೋಣೆಗೆ ಬರುವವರು ಎಷ್ಟು ಕಡಿಮೆಯಾಗಬಹುದು ಅಂತ ಆಗಾಗ ಯೋಚಿಸುತ್ತೇನೆ.

ಇನ್ನು ಅವನ ದೊಡ್ಡ ಪ್ರಶ್ನೆ. ಕಂಪ್ಯೂಟರ್ ಸೈನ್ಸ್ ಬಿಟ್ಟು ಇನ್ಫರ್ಮೇಷನ್ ಟೆಕ್ನಾಲಜಿಗೆ ಹೋಗಲಾ?

ಎರಡೂ ಒಂದೇ ಅಂತ ತಿಳಿದು ಸೇರುವವರು ತುಂಬಾ ಜನ. 2005ರಲ್ಲಿ ಎಸಿಎಂ, ಐಇಇಇ ಕಂಪ್ಯೂಟರ್ ಸೊಸೈಟಿ ಮುಂತಾದ ಕಂಪ್ಯೂಟರ್ ತಜ್ಞರ ಸಂಘಗಳು ಸೇರಿ ತಂದ ಪಠ್ಯಕ್ರಮದ ವರದಿ ಐದು ಶಾಖೆಗಳನ್ನು ಬೇರೆ ಬೇರೆಯಾಗಿ ಗುರುತಿಸಿತ್ತು: ಕಂಪ್ಯೂಟರ್ ಎಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಷನ್ ಸಿಸ್ಟಮ್ಸ್, ಇನ್ಫರ್ಮೇಷನ್ ಟೆಕ್ನಾಲಜಿ, ಸಾಫ್ಟ್‌ವೇರ್ ಎಂಜಿನಿಯರಿಂಗ್. 2020ರ ವರದಿಯಲ್ಲಿ ಸೈಬರ್ ಸೆಕ್ಯುರಿಟಿ, ಡೇಟಾ ಸೈನ್ಸ್ ಕೂಡ ಬಂದವು. ಕಂಪ್ಯೂಟರ್ ಸೈನ್ಸ್ ಒಂದು ಲೆಕ್ಕವನ್ನು ಯಂತ್ರ ಹೇಗೆ ಮಾಡುತ್ತೆ, ಎಷ್ಟು ಬೇಗ ಮಾಡಬಲ್ಲದು, ಯಾವುದನ್ನು ಮಾಡಲಾರದು ಅಂತ ಕೇಳುತ್ತೆ. ಇನ್ಫರ್ಮೇಷನ್ ಟೆಕ್ನಾಲಜಿಗೆ ಒಂದು ಸಂಸ್ಥೆಯ ನೆಟ್‌ವರ್ಕ್, ಸರ್ವರ್, ಭದ್ರತೆ, ಬಳಸುವ ಜನ, ಇವೆಲ್ಲ ನಿಲ್ಲದೆ ನಡೆಯುವುದು ಮುಖ್ಯ. ವೈಫೈ ಹೊಂದಿಸಿಕೊಡುತ್ತಿದ್ದ ಹುಡುಗನಿಗೆ ಯಾವುದು ಹತ್ತಿರ ಅಂತ ಹೊರಗಿನಿಂದ ನೋಡಿದರೆ ಸುಲಭವಾಗಿ ಹೇಳಬಹುದು.

ಆದರೂ ನಾನು ಬದಲಿಸು ಅಂತ ಹೇಳಲಿಲ್ಲ. ಲ್ಯಾಬ್ ಪರೀಕ್ಷೆಯ ಹೆದರಿಕೆ ಇನ್ನೂ ಆರಿರಲಿಲ್ಲ. ಆ ಹೊತ್ತಿನಲ್ಲಿ ಬದಲಿಸಿದರೆ ಅದು ಆಯ್ಕೆ ಆಗುವುದಿಲ್ಲ, ಓಟ ಆಗುತ್ತೆ. ಜೊತೆಗೆ ಅಲ್ಲಿಯೂ ಸ್ಕ್ರಿಪ್ಟ್ ಬರೆಯಬೇಕು, ಡೇಟಾಬೇಸ್ ಇದ್ದೇ ಇರುತ್ತೆ. ಖಾಲಿ ಪರದೆ ಅಲ್ಲಿಗೂ ಬರುತ್ತೆ. ಅದಕ್ಕೆ ಮೂರು ಕೆಲಸ ಹೇಳಿದೆ. ಎರಡೂ ಕೋರ್ಸ್‌ಗಳ ಉಳಿದ ಸೆಮಿಸ್ಟರ್‌ಗಳ ಸಿಲಬಸ್ ಪಕ್ಕಪಕ್ಕ ಇಟ್ಟು, ಓದಬೇಕು ಅನ್ನಿಸುವ ವಿಷಯಕ್ಕೆ ಗುರುತು ಹಾಕು. ಇನ್ಫರ್ಮೇಷನ್ ಟೆಕ್ನಾಲಜಿಯ ಎರಡು ನೆಟ್‌ವರ್ಕಿಂಗ್ ಕ್ಲಾಸ್‌ಗಳಲ್ಲಿ ಅನುಮತಿ ಕೇಳಿ ಹಿಂದೆ ಕೂತು ಬಾ. ಯಾವ ಕ್ರೆಡಿಟ್ ಉಳಿಯುತ್ತೆ, ಯಾವುದು ಹೋಗುತ್ತೆ ಅಂತ ಕಚೇರಿಯಿಂದ ಬರೆಸಿಕೊಂಡು ಬಾ. ಬಾಯಿಮಾತಿನ ಭರವಸೆ ಸಾಲದು. ತೀರ್ಮಾನ ಸೆಮಿಸ್ಟರ್ ಮುಗಿದಮೇಲೆ.

ಮೇಷ್ಟ್ರ ಹತ್ತಿರ ಹೋಗುವುದೇ ಅವನಿಗೆ ಎಲ್ಲಕ್ಕಿಂತ ಕಷ್ಟವಾಯಿತು. ನನ್ನ ಕೋಣೆಯಲ್ಲಿ ಮೂರು ಸಲ ಅಭ್ಯಾಸ ಮಾಡಿದೆವು. ನಾನೇ ಮೇಷ್ಟ್ರಾದೆ. ಮೊದಲ ಸಲ ಅವನು “ಸರ್, ನನಗೆ ಏನೂ ಅರ್ಥವಾಗಿಲ್ಲ” ಅಂದ. ಇದಕ್ಕೆ ಯಾವ ಮೇಷ್ಟ್ರೂ ಉತ್ತರ ಕೊಡಲು ಆಗುವುದಿಲ್ಲ. ಮೂರನೇ ಸಲಕ್ಕೆ ಮಾತು ಹೀಗೆ ಬಂತು: “ಸರ್, ಲಿಂಕ್ಡ್ ಲಿಸ್ಟ್‌ನಲ್ಲಿ ಹೊಸ ನೋಡ್ ಸೇರಿಸುವವರೆಗೆ ಬರುತ್ತೆ. ನಡುವಿನಿಂದ ತೆಗೆಯುವಾಗ ಹಿಂದಿನ ಪಾಯಿಂಟರ್ ಎಲ್ಲಿಗೆ ಹೋಗಬೇಕು ಅಂತ ತಪ್ಪುತ್ತೆ. ನನ್ನ ಚಿತ್ರ ನೋಡ್ತೀರಾ?” ಮೇಷ್ಟ್ರು ನೋಡಿದರು. ಮುಕ್ಕಾಲು ಗಂಟೆ ಕೂರಿಸಿಕೊಂಡರು. ಹೊರಡುವಾಗ ಅವನು ತಾನಾಗಿಯೇ, ಹಿಂದಿನ ಸೆಮಿಸ್ಟರ್‌ನ ಒಂದು ಅಸೈನ್‌ಮೆಂಟ್ ತನ್ನದಲ್ಲ, ಮತ್ತೆ ಮಾಡಿ ಕೊಡ್ತೇನೆ, ಅಂಕ ಬೇಡ ಅಂದನಂತೆ. ಅದನ್ನು ನಾನು ಹೇಳಿರಲಿಲ್ಲ.

ಒಟ್ಟು ಆರು ಭೇಟಿ ಆದವು. ನಡುವೆ ಒಂದು ವಾರ ಅವನು ಬರಲಿಲ್ಲ. ಕ್ಲಾಸಿಗೂ ಹೋಗಿರಲಿಲ್ಲ. ಮನೆಯವರಿಗೆ ಫೇಲಾದ ವಿಷಯ ಹೇಳಿದ್ದ, ಅದರ ನಂತರದ ದಿನಗಳು ಭಾರವಾಗಿದ್ದವು. ನಾನು ಒಂದು ಸಂದೇಶ ಕಳಿಸಿದೆ, ಮರುದಿನ ಬಂದ. ಮತ್ತೆ ಬರೆದ ಲ್ಯಾಬ್ ಪರೀಕ್ಷೆಯಲ್ಲಿ ಅವನ ಅಂಕ ಸಾಧಾರಣ. ಎರಡು ಪ್ರಶ್ನೆಯಲ್ಲಿ ಒಂದು ಪೂರ್ತಿ ಓಡಿತು, ಇನ್ನೊಂದು ಅರ್ಧಕ್ಕೆ ನಿಂತಿತು. ಮೊದಲ ಹದಿನೈದು ನಿಮಿಷ ಬರೀ ಕಾಮೆಂಟ್ ಸಾಲು ಬರೆದೆ ಅಂತ ಹೇಳಿದ. ಕೋರ್ಸ್ ಬದಲಿಸುವ ಬಗ್ಗೆ ಇನ್ನೂ ತೀರ್ಮಾನಿಸಿಲ್ಲ. ಸಿಲಬಸ್ ಮೇಲಿನ ಗುರುತುಗಳು ಎರಡೂ ಕಡೆ ಹೆಚ್ಚುಕಡಿಮೆ ಸಮವಾಗಿ ಬಿದ್ದಿವೆ.

ಕೊನೆಯ ಭೇಟಿಗೆ ಬಂದಾಗ ಕೈಯಲ್ಲಿ ಒಂದೇ ಪ್ರತಿ ಇತ್ತು. ಅದೇ ತಲೆಬರಹ, ಹೊಸ ಸೆಮಿಸ್ಟರ್. ಇದನ್ನೇ ವಿಭಾಗಕ್ಕೂ ಕೊಟ್ಟಿದ್ದೇನೆ ಅಂದ. ಎರಡನೇ ಪುಟದ ಕೆಳಗೆ, ಇನ್ನೂ ಬಾರದ ವಿಷಯಗಳು ಅಂತ ಮೂರು ಹೆಸರಿದ್ದವು: ರಿಕರ್ಷನ್, ಪಾಯಿಂಟರ್, ಡೆಡ್‌ಲಾಕ್. ರಿಕರ್ಷನ್ ಪಕ್ಕದಲ್ಲಿ ಪೆನ್ಸಿಲ್‌ನಿಂದ ‘ಗುರುವಾರ, ಸರ್ ಹತ್ತಿರ’ ಅಂತ ಬರೆದಿದ್ದ.